ಆ್ಯಂಟಿಬಯಾಟಿಕ್ ಕೊಟ್ಟರೂ ನಾಯಿ ಗುಣವಾಗುತ್ತಿಲ್ಲ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

"ಸರ, ಎಂಟು ದಿನಾ ಆತ್ರಿ ಗುಳಿಗಿ ಹಾಕಿ, ಏನೂ ಫರಕ್ ಇಲ್ಲ. ಪವರ್ ಜಾಸ್ತಿ ಇದ್ದಿದ್ದು ಕೊಡ್ರಿ."

ಹುಬ್ಬಳ್ಳಿ-ಧಾರವಾಡದ ಯಾವುದೇ ಸಾಕುಪ್ರಾಣಿ ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ತಾಸು ಕೂತರೆ ಈ ಮಾತು ಕಿವಿಗೆ ಬೀಳುತ್ತದೆ. ಮಾತು ಮುಗಿಯುವ ಮೊದಲೇ ಡಾಕ್ಟರ ಪೆನ್ನು ಮುಂದಿನ ಔಷಧದ ಹೆಸರು ಬರೆಯುತ್ತಿರುತ್ತದೆ. ಅಮಾಕ್ಸಿಸಿಲಿನ್ ಆಯಿತು, ಸೆಫಲೆಕ್ಸಿನ್ ಆಯಿತು, ಈಗ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಅದಕ್ಕೂ ಬಗ್ಗದಿದ್ದರೆ "ರೆಸಿಸ್ಟೆನ್ಸ್ ಬಂದಿದೆ", ಅಂದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗಿದೆ ಅಂತ ಒಂದು ತೀರ್ಪು.

ಗುಣವಾಗದಿರುವುದು ಬೇರೆ, ರೆಸಿಸ್ಟೆನ್ಸ್ ಬೇರೆ. ಔಷಧ ಕೆಲಸ ಮಾಡದಿರಲು ಹತ್ತಾರು ಕಾರಣಗಳಿವೆ, ರೆಸಿಸ್ಟೆನ್ಸ್ ಅವುಗಳಲ್ಲಿ ಒಂದು ಮಾತ್ರ. ಉಳಿದವನ್ನು ನೋಡದೆ ಔಷಧ ಬದಲಿಸುತ್ತ ಹೋದರೆ ಇಲ್ಲದ ರೆಸಿಸ್ಟೆನ್ಸನ್ನು ನಾವೇ ಬೆಳೆಸುತ್ತೇವೆ. ನಮ್ಮ ಕಡೆಯ ಸಣ್ಣ ಆಸ್ಪತ್ರೆಗಳಲ್ಲಿ ಕೆಲಸ ಶುರು ಮಾಡಿರುವ ಡಾಕ್ಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮ ಬರೆದಿದ್ದೇನೆ. ನಾಯಿ ಸಾಕಿದವರೂ ಓದಿ. ಅರ್ಧ ಉತ್ತರ ಇರುವುದು ನಿಮ್ಮ ಹತ್ತಿರವೇ.

ಎಲ್ಲಕ್ಕಿಂತ ಮೊದಲು: ಈ ನಾಯಿ ಕಾಯಬಲ್ಲದೇ?

ಕೆಲವು ನಾಯಿಗಳಿಗೆ ನಿಧಾನವಾಗಿ ಹುಡುಕುವಷ್ಟು ಸಮಯ ಇರುವುದಿಲ್ಲ. ಆಪರೇಷನ್ ಆಗದ ಹೆಣ್ಣು ನಾಯಿ, ಬೆದೆ ಮುಗಿದು ಒಂದೆರಡು ತಿಂಗಳಾಗಿದೆ, ನೀರು ಜಾಸ್ತಿ ಕುಡಿಯುತ್ತಿದೆ, ಊಟ ಬಿಟ್ಟಿದೆ ಅಂದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹೊರಗೆ ಕೀವು ಸೋರದೆಯೂ ಹೀಗಾಗುತ್ತದೆ. ಅಲ್ಲಿ ಬೇಕಿರುವುದು ಆಪರೇಷನ್, ಹೊಸ ಆ್ಯಂಟಿಬಯಾಟಿಕ್ ಅಲ್ಲ. ಗಂಡು ನಾಯಿಗೆ ಉಚ್ಚೆ ಪೂರ್ತಿ ಕಟ್ಟಿದ್ದರೆ, ಒಸಡು ಬಿಳಿಚಿಕೊಂಡಿದ್ದರೆ, ಬಾವು ತಾಸು ತಾಸಿಗೆ ಹಬ್ಬಿ ಚರ್ಮ ಕಪ್ಪಾಗುತ್ತಿದ್ದರೆ ಆ ದಿನವೇ ಕೆಲಸ ಆಗಬೇಕು. ಇಂಥ ನಾಯಿಗಳಲ್ಲಿ ಲ್ಯಾಬ್ ಪರೀಕ್ಷೆಗೆ ಮಾದರಿ ತೆಗೆದ ಮರುಕ್ಷಣ ಔಷಧ ಶುರು ಮಾಡಿ. ವರದಿಗೆ ಕಾಯಬೇಡಿ, ವರದಿ ಬಂದ ಮೇಲೆ ಔಷಧ ತಿದ್ದಿಕೊಳ್ಳಬಹುದು. ಆದರೆ ಮಾದರಿ ಮೊದಲು, ಸೂಜಿ ಆಮೇಲೆ.

ಕೇಳಬೇಕಾದ ಒಂದು ಪ್ರಶ್ನೆ

"ಗುಣ ಆಗಿ ಮತ್ತೆ ಬಂತೋ, ಅಥವಾ ಗುಣವೇ ಆಗಲಿಲ್ಲವೋ?"

ಇದನ್ನು ಎರಡು ಸಲ, ಬೇರೆ ಬೇರೆ ರೀತಿಯಲ್ಲಿ ಕೇಳಿ. ಗುಳಿಗೆ ಹಾಕಿದಾಗ ಗುಳ್ಳೆಗಳು ಮಾಯವಾಗಿ, ನಿಲ್ಲಿಸಿದ ಮೂರ್ನಾಲ್ಕು ವಾರಕ್ಕೆ ಮತ್ತೆ ಎದ್ದರೆ ಔಷಧ ಅದರ ಕೆಲಸ ಮಾಡಿದೆ. ಬ್ಯಾಕ್ಟೀರಿಯಾಕ್ಕೆ ಮತ್ತೆ ಮತ್ತೆ ಜಾಗ ಮಾಡಿಕೊಡುವ ಇನ್ನೊಂದು ರೋಗ ಒಳಗಿದೆ, ಅದನ್ನು ಹುಡುಕಬೇಕು. ಸರಿಯಾದ ಪ್ರಮಾಣದಲ್ಲಿ ಗುಳಿಗೆ ಹೋಗುತ್ತಿದ್ದರೂ ಹೊಸ ಗುಳ್ಳೆ ಏಳುತ್ತಲೇ ಇದ್ದರೆ ಆಗ ರೆಸಿಸ್ಟೆನ್ಸಿನ ಅನುಮಾನಕ್ಕೆ ಆಧಾರ ಇದೆ. ಮಾಲೀಕರು ಎರಡಕ್ಕೂ "ಆರಾಮ ಆಗವಲ್ದು" ಎಂದೇ ಹೇಳುತ್ತಾರೆ. ಬಿಡಿಸಿ ಕೇಳುವುದು ನಮ್ಮ ಕೆಲಸ.

ಅದು ಬ್ಯಾಕ್ಟೀರಿಯಾ ಹೌದೇ?

ಇಲ್ಲಿ ಅವಸರ ಬೇಡ. "ಔಷಧ ಹತ್ತುತ್ತಿಲ್ಲ" ಎನ್ನುವ ಕೇಸುಗಳು ದೊಡ್ಡ ಸಂಖ್ಯೆಯಲ್ಲಿ ಬಿಡಿಸಿಕೊಳ್ಳುವುದು ಈ ಹಂತದಲ್ಲೇ.

ಚರ್ಮದಿಂದ ಶುರು ಮಾಡೋಣ. ಹಕ್ಕಳೆ ಕಟ್ಟಿದ ಜಾಗದ ಹಕ್ಕಳೆಯನ್ನು ಮೆಲ್ಲಗೆ ಎಬ್ಬಿಸಿ, ಕೆಳಗಿನ ಹಸಿ ಮೇಲ್ಮೈಗೆ ಸ್ಲೈಡ್ ಒತ್ತಿ. ಒಣಗಿಸಿ, ಲೀಶ್‌ಮನ್ ಸ್ಟೇನ್ ಎಂಬ ಬಣ್ಣ ಹಾಕಿ, ಎಣ್ಣೆ ಹನಿಸಿ ಮೈಕ್ರೋಸ್ಕೋಪಿನ ನೂರರ ಲೆನ್ಸಿನಲ್ಲಿ ನೋಡಿ. ಬಿಳಿ ರಕ್ತಕಣಗಳ ಹೊಟ್ಟೆಯೊಳಗೆ ದುಂಡನೆಯ ಬ್ಯಾಕ್ಟೀರಿಯಾ ಕಂಡರೆ ಸೋಂಕು ನಿಜ. ಬರೀ ಮೇಲ್ಮೈಯಲ್ಲಿ ಒಂದೆರಡು ಚುಕ್ಕೆ ಕಂಡರೆ ಅದು ಚರ್ಮದ ಮಾಮೂಲಿ ವಾಸಿಗಳೂ ಇರಬಹುದು. ಶೇಂಗಾ ಕಾಯಿಯ ಆಕಾರದ, ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ದೊಡ್ಡ ಕಣಗಳು ಕಂಡರೆ ಅದು ಮಲಸೇಜಿಯಾ, ಒಂದು ಯೀಸ್ಟ್. ಚರ್ಮ ಜಿಡ್ಡಾಗಿ ಕಮಟು ವಾಸನೆ ಬರುವ ನಾಯಿಗಳಲ್ಲಿ ಇದು ಸಾಮಾನ್ಯ. ಜೂನ್ ಬಂದು ಧಾರವಾಡದಲ್ಲಿ ಮಳೆ ಹಿಡಿದುಕೊಂಡರೆ ನೇತಾಡುವ ಕಿವಿಯ ನಾಯಿಗಳಲ್ಲಿ ಇನ್ನೂ ಜಾಸ್ತಿ. ಯೀಸ್ಟಿಗೆ ಯಾವ ಆ್ಯಂಟಿಬಯಾಟಿಕ್ಕೂ ತಾಗುವುದಿಲ್ಲ.

ಸ್ಲೈಡ್ ಆದ ಮೇಲೆ ಕೆರೆತ. ಕೂದಲು ಉದುರಿದ ಚರ್ಮವನ್ನು ಬೆರಳುಗಳ ನಡುವೆ ಹಿಂಡಿ, ಬ್ಲೇಡಿಗೆ ಎಣ್ಣೆ ಸವರಿ, ಸಣ್ಣಗೆ ರಕ್ತ ಜಿನುಗುವ ತನಕ ಕೆರೆಯಿರಿ. ಮೇಲೆ ಮೇಲೆ ಕೆರೆದರೆ ಡೆಮೊಡೆಕ್ಸ್ ನುಸಿ ಸಿಗದು, ಅದು ಕೂದಲ ಬುಡದೊಳಗೆ ಇರುತ್ತದೆ. ವರ್ಷದೊಳಗಿನ ಮರಿಗಳಲ್ಲಿ ಕಣ್ಣಿನ ಸುತ್ತ, ಮುಂಗಾಲಿನ ಮೇಲೆ ಕೂದಲು ಹೋಗಿ ಕೀವುಗುಳ್ಳೆ ಎದ್ದಿದ್ದರೆ ಈ ಪರೀಕ್ಷೆ ಬಿಡಲೇಬಾರದು. ನುಸಿಗೆ ಚಿಕಿತ್ಸೆ ಆಗದೆ ಕೀವು ನಿಲ್ಲುವುದಿಲ್ಲ.

ಜ್ವರದ ನಾಯಿಗಳ ಕಥೆ ಬೇರೆ. ನಮ್ಮ ಜಿಲ್ಲೆಗಳಲ್ಲಿ ಉಣ್ಣಿ ಇಲ್ಲದ ಓಣಿ ಇಲ್ಲ. ಸೆಫ್ಟ್ರಿಯಾಕ್ಸೋನ್ ಕೊಟ್ಟರೂ ಜ್ವರ ಇಳಿಯಲಿಲ್ಲ ಅಂದರೆ ಮೊದಲು ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಸ್ಲೈಡಿನ ಮೇಲೆ ತೆಳುವಾಗಿ ಹರಡಿ ಸ್ಮಿಯರ್ ಮಾಡಿ, ಪ್ಲೇಟ್‌ಲೆಟ್ ಎಣಿಸಿ. ಉಣ್ಣಿ ಹರಡುವ ಎರ್ಲಿಕಿಯಾ ಒಂದು ಬ್ಯಾಕ್ಟೀರಿಯಾ, ಆದರೆ ಅದು ಬಿಳಿ ರಕ್ತಕಣಗಳ ಒಳಗೆ ಬದುಕುತ್ತದೆ. ಪೆನಿಸಿಲಿನ್, ಸೆಫಲೊಸ್ಪೊರಿನ್ ಜಾತಿಯ ಔಷಧಗಳು ಅದನ್ನು ಮುಟ್ಟುವುದಿಲ್ಲ. ಡಾಕ್ಸಿಸೈಕ್ಲಿನ್ ಬೇಕು, 28 ದಿನ ಬೇಕು. ಬಬೇಸಿಯಾ ಬ್ಯಾಕ್ಟೀರಿಯಾವೇ ಅಲ್ಲ, ಕೆಂಪು ರಕ್ತಕಣದೊಳಗಿನ ಪರಾವಲಂಬಿ, ಅದರ ಔಷಧಗಳೇ ಬೇರೆ. ಸ್ಮಿಯರ್‌ನಲ್ಲಿ ಏನೂ ಕಾಣಲಿಲ್ಲ ಅಂದಮಾತ್ರಕ್ಕೆ ಎರಡೂ ಇಲ್ಲವೆಂದು ಬರೆಯಬೇಡಿ.

ವಾಂತಿ-ಭೇದಿ ತರುವ ಪಾರ್ವೊ ಒಂದು ವೈರಸ್, ಬ್ಯಾಕ್ಟೀರಿಯಾ ಅಲ್ಲ. ಕೆನಲ್ ಕೆಮ್ಮು ಬಹುಪಾಲು ತಾನಾಗಿಯೇ ಇಳಿಯುತ್ತದೆ. ಎರಡರಲ್ಲೂ "ಔಷಧ ಬದಲಿಸಿದ ಮೇಲೆ ಗುಣವಾಯಿತು" ಎಂಬ ಭ್ರಮೆ ಸುಲಭ.

ಇನ್ನೊಂದು ಮಾತು. ತುರಿಕೆ ನಿಲ್ಲಲೆಂದು ಹಾಕಿದ ಸ್ಟೀರಾಯ್ಡ್ ಇಂಜೆಕ್ಷನ್ ಚಿತ್ರವನ್ನೇ ಕೆಡಿಸುತ್ತದೆ. ನಾಲ್ಕು ದಿನ ನಾಯಿ ಆರಾಮಾಗಿ ಕಾಣುತ್ತದೆ, ಆಮೇಲೆ ಎರಡರಷ್ಟು ಜೋರಾಗಿ ಎದ್ದು ಬರುತ್ತದೆ. ಹಿಂದೆ ಎಲ್ಲಿ, ಯಾವ ಸೂಜಿ ಹಾಕಿಸಿದ್ದಾರೆ ಎಂದು ಹಳೆಯ ಚೀಟಿ ತರಿಸಿ ನೋಡಿ.

ಔಷಧ ನಿಜಕ್ಕೂ ನಾಯಿಯೊಳಗೆ ಹೋಗುತ್ತಿದೆಯೇ?

ತಕ್ಕಡಿ ಇಲ್ಲದ ಆಸ್ಪತ್ರೆಯಲ್ಲಿ ರೆಸಿಸ್ಟೆನ್ಸ್ ಬಗ್ಗೆ ಮಾತಾಡುವುದು ವ್ಯರ್ಥ. ಸೆಫಲೆಕ್ಸಿನ್ ತೆಗೆದುಕೊಳ್ಳಿ. ಚರ್ಮದ ಸೋಂಕಿಗೆ ಒಂದು ಕಿಲೋ ತೂಕಕ್ಕೆ 22ರಿಂದ 30 ಮಿಲಿಗ್ರಾಂ, 12 ತಾಸಿಗೊಮ್ಮೆ. 22 ಕಿಲೋ ತೂಗುವ ಲ್ಯಾಬ್ರಡಾರಿಗೆ ಒಂದು ಸಲಕ್ಕೆ 484ರಿಂದ 660 ಮಿಲಿಗ್ರಾಂ ಆಯಿತು. ಅಂದರೆ 500ರ ಕ್ಯಾಪ್ಸೂಲ್. "ಮೀಡಿಯಂ ಸೈಜ್ ನಾಯಿ" ಎಂದು ಕಣ್ಣಳತೆಯಲ್ಲಿ 250 ಬರೆದರೆ ಹೋಗುವುದು ಬೇಕಾದ್ದರ ಅರ್ಧ. ಅರ್ಧ ಪ್ರಮಾಣದಲ್ಲಿ ಸಾಯುವುದು ಬಡಪಾಯಿ ಬ್ಯಾಕ್ಟೀರಿಯಾ ಮಾತ್ರ, ಗಟ್ಟಿ ಇರುವವು ಉಳಿದು ಜಾಗ ಹಿಡಿಯುತ್ತವೆ. ಮರಿಗಳನ್ನು ಪ್ರತಿ ಭೇಟಿಯಲ್ಲೂ ತೂಗಿ. ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿ ಒಂದೇ ತಿಂಗಳಲ್ಲಿ ಮೂರ್ನಾಲ್ಕು ಕಿಲೋ ಏರಿರುತ್ತದೆ. ಹಳೆಯ ಚೀಟಿಯ ಪ್ರಮಾಣ ಅದಕ್ಕೆ ಸಾಲದು.

ಇನ್ನು ಗುಳಿಗೆ ಕೊಡುವ ರೀತಿ. ಖಾಲಿ ಸ್ಟ್ರಿಪ್ ತರಲು ಹೇಳಿ, ಎಷ್ಟು ಉಳಿದಿದೆ ಎಣಿಸಿ. ಬೈಯಬೇಡಿ. ಬೈದರೆ ಮುಂದಿನ ಸಲ ಸ್ಟ್ರಿಪ್ ಬರುವುದಿಲ್ಲ, ಸುಳ್ಳು ಬರುತ್ತದೆ. "ಮುಂಜಾನೆ ಯಾರು ಕೊಡ್ತೀರಿ, ರಾತ್ರಿ ಯಾರು ಕೊಡ್ತೀರಿ?" ಎಂದು ಕೇಳಿ. ಬೆಳಗಿನದನ್ನು ಅಮ್ಮ ಕೊಡುತ್ತಾರೆ, ರಾತ್ರಿಯದು ಮಗನ ಪಾಲು, ಮಗ ಡ್ಯೂಟಿ ಮುಗಿಸಿ ಬರುವುದು ತಡ. ಹೀಗೆ ಎರಡು ಹೊತ್ತಿನ ಔಷಧ ಒಂದೇ ಹೊತ್ತಿನದಾಗಿರುತ್ತದೆ. ಸೆಫಲೆಕ್ಸಿನ್, ಅಮಾಕ್ಸಿಸಿಲಿನ್‌ನಂಥ ಔಷಧಗಳು ದಿನದ ಬಹುಭಾಗ ರಕ್ತದಲ್ಲಿ ಇದ್ದರೆ ಮಾತ್ರ ಕೆಲಸ ಮಾಡುತ್ತವೆ. ಒಂದು ಹೊತ್ತು ತಪ್ಪಿದರೆ ಬ್ಯಾಕ್ಟೀರಿಯಾಕ್ಕೆ ಬಿಡುವು ಸಿಕ್ಕಂತೆ.

ಗುಳಿಗೆಯನ್ನು ಯಾವುದರಲ್ಲಿ ಅಡಗಿಸುತ್ತಾರೆ? ಇದನ್ನು ಕೇಳುವವರು ಕಡಿಮೆ, ಆದರೆ ನಮ್ಮ ಊರಲ್ಲಿ ಇದು ಬಹಳ ಮುಖ್ಯ. ಪೇಡೆ, ಮೊಸರು, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಎನ್ರೊಫ್ಲಾಕ್ಸಾಸಿನ್, ಮಾರ್ಬೊಫ್ಲಾಕ್ಸಾಸಿನ್‌ನಂಥ ಔಷಧಗಳು ಹಾಲಿನ ಕ್ಯಾಲ್ಸಿಯಂಗೆ ಅಂಟಿಕೊಂಡು ಕರುಳಿನಿಂದ ಸರಿಯಾಗಿ ಹೀರಲ್ಪಡುವುದಿಲ್ಲ. ಪೇಡೆ ಅಂದರೆ ಖೋವಾ, ಅಂದರೆ ಗಟ್ಟಿ ಮಾಡಿದ ಹಾಲು. ಗುಳಿಗೆ ಹೊಟ್ಟೆಗೆ ಹೋಯಿತು, ರಕ್ತಕ್ಕೆ ಪೂರ್ತಿ ಹೋಗಲಿಲ್ಲ. ಉಣ್ಣಿ ಜ್ವರದ ನಾಯಿಗೆ ಡಾಕ್ಸಿಸೈಕ್ಲಿನ್ ಜೊತೆಗೇ ಕಬ್ಬಿಣಾಂಶದ ಟಾನಿಕ್ ಬರೆಯುವ ರೂಢಿ ಇದೆ. ಕಬ್ಬಿಣ ಡಾಕ್ಸಿಸೈಕ್ಲಿನ್‌ ಅನ್ನು ಹಾಗೆಯೇ ಹಿಡಿದುಕೊಳ್ಳುತ್ತದೆ. ಎರಡರ ನಡುವೆ ಮೂರು ತಾಸಾದರೂ ಬಿಡಲು ಚೀಟಿಯ ಮೇಲೆ ದೊಡ್ಡದಾಗಿ ಬರೆಯಿರಿ. ಗುಳಿಗೆಯನ್ನು ಒಂದು ತುಂಡು ಚಿಕನ್ ಅಥವಾ ಅನ್ನದ ಉಂಡೆಯಲ್ಲಿ ಕೊಡಿಸಿ. ಡಾಕ್ಸಿಸೈಕ್ಲಿನ್ ಆದರೆ ಮೇಲೆ ನೀರು ಕುಡಿಸಲೇಬೇಕು, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಸುಟ್ಟು ಗಾಯ ಮಾಡುತ್ತದೆ.

ಅಮಾಕ್ಸಿಸಿಲಿನ್ ಜೊತೆಗಿನ ಕ್ಲಾವುಲನೇಟ್ ತೇವಕ್ಕೆ ಬಹಳ ಬೇಗ ಕೆಡುತ್ತದೆ. ಮಳೆಗಾಲದಲ್ಲಿ ಗುಳಿಗೆ ಅರ್ಧ ಮುರಿದು ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಟಿವಿ ಮೇಲೆ ಇಟ್ಟರೆ ಮರುದಿನ ಅದರ ಬಲ ಎಷ್ಟು ಉಳಿದಿದೆಯೋ ಹೇಳಲಾಗದು. ನೀರು ಬೆರೆಸಿದ ಡ್ರೈ ಸಿರಪ್ ಫ್ರಿಜ್ಜಿನಲ್ಲೇ ಇರಬೇಕು, ಒಂದು ವಾರ ದಾಟಿದರೆ ಚೆಲ್ಲಬೇಕು.

ಮನುಷ್ಯರ ಸಿಪ್ರೊಫ್ಲಾಕ್ಸಾಸಿನ್ ಗುಳಿಗೆ ಅಗ್ಗ, ಎಲ್ಲ ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ನಾಯಿಯ ಕರುಳು ಅದನ್ನು ಮನುಷ್ಯರಷ್ಟು ಚೆನ್ನಾಗಿ ಹೀರುವುದಿಲ್ಲ, ಒಂದು ನಾಯಿಗೂ ಇನ್ನೊಂದಕ್ಕೂ ಬಹಳ ವ್ಯತ್ಯಾಸ. ಲ್ಯಾಬ್ ವರದಿಯಲ್ಲಿ ಸಿಪ್ರೊ ಮುಂದೆ "ಸೆನ್ಸಿಟಿವ್" (ಬ್ಯಾಕ್ಟೀರಿಯಾ ಈ ಔಷಧಕ್ಕೆ ಬಗ್ಗುತ್ತದೆ) ಎಂದಿದ್ದರೂ ನಾಯಿಯಲ್ಲಿ ಅದು ಸೋಲಬಹುದು. ಇಂಥ ಸೋಲನ್ನು ರೆಸಿಸ್ಟೆನ್ಸ್ ಲೆಕ್ಕಕ್ಕೆ ಹಾಕಬೇಡಿ.

ಒಳಗೆ ಏನಾದರೂ ಅಡಗಿದೆಯೇ?

ಮೂತ್ರದ ಸೋಂಕು ಪದೇ ಪದೇ ಬಂದರೆ ಎಕ್ಸ್‌ರೇ, ಸ್ಕ್ಯಾನ್ ಮಾಡಿಸಿ ಕಲ್ಲು ನೋಡಿ. ಕಲ್ಲಿನೊಳಗೆ ಕೂತ ಬ್ಯಾಕ್ಟೀರಿಯಾಕ್ಕೆ ಔಷಧ ತಲುಪುವುದಿಲ್ಲ. ಸಕ್ಕರೆ ಕಾಯಿಲೆಯೂ ಇರಬಹುದು. ಕಾಲ್ಬೆರಳ ಸಂದಿಯಲ್ಲಿ ತೂತು ಬಿದ್ದು ಸೋರುತ್ತಲೇ ಇದ್ದರೆ ಹುಲ್ಲಿನ ಮುಳ್ಳು ಹುಡುಕಿ. ಕಪ್ಪತಗುಡ್ಡದ ಸುತ್ತ, ರಾಣೆಬೆನ್ನೂರು ಕಡೆ ಕುರಿ ಹಿಂಡಿನ ಜೊತೆ ತಿರುಗುವ ನಾಯಿಗಳಲ್ಲಿ ಒಣಹುಲ್ಲಿನ ತೆನೆ ಚರ್ಮ ಹೊಕ್ಕು ಒಳಗೊಳಗೇ ಸರಿಯುತ್ತದೆ. ಅದು ಹೊರಬರದೆ ಯಾವ ಔಷಧಕ್ಕೂ ಗಾಯ ಮಾಯದು. ಮೂಳೆಗೆ ಹಾಕಿದ ಪ್ಲೇಟ್, ಆಪರೇಷನ್‌ನ ಒಳಹೊಲಿಗೆ ಇವೂ ಹೀಗೆಯೇ. ಚರ್ಮದಲ್ಲಿ ಮರುಕಳಿಸುವ ಕೀವಿಗೆ ಚಿಗಟ, ಅಲರ್ಜಿ, ಥೈರಾಯ್ಡ್ ಈ ಮೂರನ್ನು ನೋಡದೆ ಬಿಡಬೇಡಿ.

ಯಾವಾಗ ಕಲ್ಚರ್ ಮಾಡಿಸಲೇಬೇಕು

ಸರಿಯಾದ ಔಷಧ, ಸರಿಯಾದ ಪ್ರಮಾಣ ಎರಡು ವಾರ ಹೋಗಿದೆ. ಆದರೂ ಗುಳ್ಳೆಗಳು ಅರ್ಧದಷ್ಟೂ ಕಡಿಮೆಯಾಗಿಲ್ಲ, ಅಥವಾ ಹೊಸವು ಬರುತ್ತಿವೆ. ಸ್ಲೈಡಿನಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಂಡಿದೆ. ಸೋಂಕು ಆಳಕ್ಕಿಳಿದು ಚರ್ಮದಿಂದ ರಕ್ತಮಿಶ್ರಿತ ಕೀವು ಸೋರುತ್ತಿದೆ. ಈ ನಾಯಿಗೆ ಅಥವಾ ಅದೇ ಮನೆಯ ಇನ್ನೊಂದಕ್ಕೆ ಹಿಂದೊಮ್ಮೆ ಹಲವು ಔಷಧಗಳಿಗೆ ಬಗ್ಗದ ಸೋಂಕು ಇತ್ತು. ಇವುಗಳಲ್ಲಿ ಒಂದಿದ್ದರೂ ಮುಂದಿನ ಆ್ಯಂಟಿಬಯಾಟಿಕ್ ಬರೆಯುವ ಮೊದಲು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡಲು, ಲ್ಯಾಬಿಗೆ ಮಾದರಿ ಹೋಗಬೇಕು. ದುಡ್ಡು ಜಾಸ್ತಿ ಎನ್ನುವವರಿಗೆ ಈವರೆಗೆ ಸೋತ ಔಷಧಗಳ ಬಿಲ್ ಕೂಡಿಸಿ ತೋರಿಸಿ.

ಮಾದರಿ ತೆಗೆಯುವಾಗ ಒಡೆಯದ ಕೀವುಗುಳ್ಳೆ ಹುಡುಕಿ. ಅದರ ಮೇಲೆ ಸ್ಪಿರಿಟ್ ಒರೆಸಬೇಡಿ, ಒಳಗಿನದೂ ಸಾಯಬಹುದು. ಸ್ಟೆರೈಲ್ ಸೂಜಿಯಿಂದ ಚುಚ್ಚಿ ಕೀವನ್ನು ಸ್ವ್ಯಾಬಿಗೆ (ಹತ್ತಿ ಸುತ್ತಿದ ಕಡ್ಡಿ) ಹಿಡಿಯಿರಿ. ಗುಳ್ಳೆ ಸಿಗದಿದ್ದರೆ ಹಸಿ ಹಕ್ಕಳೆಯ ಕೆಳಗಿನಿಂದ. ಸೋರುತ್ತಿರುವ ತೂತಿನ ಬಾಯಿಗೆ ಸ್ವ್ಯಾಬ್ ಒತ್ತಿದರೆ ಬೆಳೆಯುವುದು ನೆಲದ ಮೇಲಿನ ಕಸ. ಆಳದ ಸೋಂಕಿಗೆ ಚರ್ಮದ ತುಣುಕೇ ಬೇಕು. ಉಚ್ಚೆಯನ್ನು ನೇರ ಮೂತ್ರಕೋಶದಿಂದ ಸೂಜಿಯಲ್ಲಿ ಎಳೆಯಿರಿ. ಟೈಲ್ಸ್ ಮೇಲಿನಿಂದ ಸಿರಿಂಜಿಗೆ ಎತ್ತಿದ ಉಚ್ಚೆ ಕಳಿಸಿದರೆ ಬರುವ ವರದಿ ನಿಮ್ಮ ನೆಲದ್ದು, ನಾಯಿಯದಲ್ಲ.

ಮಾದರಿಯ ಪ್ರಯಾಣವೂ ಚಿಕಿತ್ಸೆಯ ಭಾಗ. ಹಾವೇರಿಯಿಂದಲೋ ಗದಗಿನಿಂದಲೋ ಹುಬ್ಬಳ್ಳಿಗೆ ಏಪ್ರಿಲ್ ಮಧ್ಯಾಹ್ನದ ಬಸ್ಸಿನಲ್ಲಿ ಸ್ವ್ಯಾಬ್ ಕಳಿಸುವುದಾದರೆ ಅದು ಏಮೀಸ್ ಮಾಧ್ಯಮದ (ಮಾದರಿ ಒಣಗದಂತೆ ಕಾಯುವ ಜೆಲ್) ಕೊಳವೆಯಲ್ಲಿರಲಿ, ಥರ್ಮಾಕೋಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಜೊತೆ. ಬೈಕಿನ ಡಿಕ್ಕಿಯಲ್ಲಿ ಬೇಡ. ಉಚ್ಚೆ ಫ್ರಿಜ್ಜಿನಲ್ಲಿಟ್ಟು 24 ತಾಸಿನೊಳಗೆ ತಲುಪಲಿ. ಚೀಟಿಯಲ್ಲಿ ಪ್ರಾಣಿ ಯಾವುದು, ಮಾದರಿ ಎಲ್ಲಿಂದ ತೆಗೆದದ್ದು, ಈಗ ಯಾವ ಔಷಧ ನಡೆಯುತ್ತಿದೆ ಎಂಬ ಮೂರೂ ಇರಲೇಬೇಕು. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹತ್ತಿರದವರು ಮೊದಲು ಅಲ್ಲಿ ಫೋನ್ ಮಾಡಿ ವಿಚಾರಿಸಿ.

ವರದಿ ಓದುವುದು

ಎರಡು ಮೂರು ದಿನಕ್ಕೆ ಕಾಗದ ಕೈಗೆ ಬರುತ್ತದೆ. ಕಣ್ಣು ನೇರ "ಸೆನ್ಸಿಟಿವ್" ಪಟ್ಟಿಗೆ ಹಾರುವುದು ಸಹಜ. ಮೊದಲು ಬ್ಯಾಕ್ಟೀರಿಯಾದ ಹೆಸರು ನೋಡಿ.

ನಾಯಿಯ ಚರ್ಮದ ಕೀವಿನಲ್ಲಿ ಮುಖ್ಯವಾಗಿ ಸಿಗುವುದು ಸ್ಟ್ಯಾಫಿಲೊಕಾಕಸ್ ಸೂಡಿಂಟರ್‌ಮೀಡಿಯಸ್. 2005ರಲ್ಲಷ್ಟೇ ಇದಕ್ಕೆ ಪ್ರತ್ಯೇಕ ಹೆಸರು ಬಂತು. ಮನುಷ್ಯರ ಮಾದರಿಯೇ ಜಾಸ್ತಿ ನೋಡುವ ಲ್ಯಾಬ್ ಇದನ್ನು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂದು ಬರೆದುಬಿಡಬಹುದು. ಹೆಸರು ತಪ್ಪಾದರೆ ಏನಾಯಿತು ಅನ್ನಿಸುತ್ತದೆ ಅಲ್ವಾ? ಆಗುವುದು ಬಹಳ ಇದೆ. ಈ ಬ್ಯಾಕ್ಟೀರಿಯಾಕ್ಕೆ ಮೆಕ್-ಎ ಎಂಬ ಜೀನ್ ಸೇರಿಕೊಂಡರೆ ಅದರ ಗೋಡೆ ಕಟ್ಟುವ ಪ್ರೋಟೀನ್ ಬದಲಾಗುತ್ತದೆ. ಪೆನಿಸಿಲಿನ್, ಕ್ಲಾವುಲನೇಟ್ ಬೆರೆತ ಅಮಾಕ್ಸಿಸಿಲಿನ್, ಸೆಫಲೆಕ್ಸಿನ್, ಸೆಫ್ಟ್ರಿಯಾಕ್ಸೋನ್ ಎಲ್ಲವೂ ಒಟ್ಟಿಗೆ ನಿಷ್ಫಲ. ಮನುಷ್ಯರ ಆರಿಯಸ್‌ನಲ್ಲಿ ಇದನ್ನು ಹಿಡಿಯಲು ಸೆಫಾಕ್ಸಿಟಿನ್ ಡಿಸ್ಕ್ (ಔಷಧ ಹೀರಿದ ಸಣ್ಣ ಕಾಗದದ ಬಿಲ್ಲೆ) ಬಳಸುತ್ತಾರೆ. ನಾಯಿಯ ಈ ಜಾತಿಯಲ್ಲಿ ಆ ಡಿಸ್ಕ್ ಮೋಸ ಮಾಡುತ್ತದೆ, ಆಕ್ಸಾಸಿಲಿನ್ ಡಿಸ್ಕೇ ಬೇಕು. 1 ಮೈಕ್ರೋಗ್ರಾಂ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ 17 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ರೆಸಿಸ್ಟೆಂಟ್. ಲ್ಯಾಬಿಗೆ ಫೋನ್ ಮಾಡಿ ಯಾವ ಡಿಸ್ಕ್ ಹಾಕಿದಿರಿ ಎಂದು ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆಕ್ಸಾಸಿಲಿನ್‌ಗೆ ರೆಸಿಸ್ಟೆಂಟ್ ಬಂದಿದ್ದರೆ, ಅದೇ ಕಾಗದದಲ್ಲಿ ಸೆಫಲೊಸ್ಪೊರಿನ್ ಒಂದರ ಮುಂದೆ ಸೆನ್ಸಿಟಿವ್ ಎಂದಿದ್ದರೂ ನಂಬಬೇಡಿ.

ಕ್ಲಿಂಡಾಮೈಸಿನ್ ಸೆನ್ಸಿಟಿವ್, ಎರಿಥ್ರೊಮೈಸಿನ್ ರೆಸಿಸ್ಟೆಂಟ್ ಎಂಬ ಜೋಡಿ ಕಂಡರೆ ಡಿ-ಟೆಸ್ಟ್ ಆಗಿದೆಯೇ ಕೇಳಿ. ಎರಡು ಡಿಸ್ಕ್ ಪಕ್ಕಪಕ್ಕ ಇಟ್ಟಾಗ ಕ್ಲಿಂಡಾಮೈಸಿನ್ ವಲಯದ ಒಂದು ಬದಿ ಚಪ್ಪಟೆಯಾದರೆ, ಚಿಕಿತ್ಸೆಯ ನಡುವೆಯೇ ಆ ಔಷಧ ಸೋಲುವ ಸಾಧ್ಯತೆ ಇದೆ.

ಕೆಲವು ಬ್ಯಾಕ್ಟೀರಿಯಾ ಹುಟ್ಟಿನಿಂದಲೇ ಕೆಲವು ಔಷಧಕ್ಕೆ ಬಗ್ಗವು. ಕಿವಿಯ ಸೂಡೊಮೋನಾಸ್‌ಗೆ ಸೆಫಲೆಕ್ಸಿನ್ ಎಂದೂ ತಾಗದು. ಎಂಟೆರೊಕಾಕಸ್‌ಗೆ ಸೆಫಲೊಸ್ಪೊರಿನ್‌ಗಳು ತಾಗವು. ಪ್ರೋಟಿಯಸ್‌ಗೆ ನೈಟ್ರೊಫ್ಯುರಂಟೊಯಿನ್ ತಾಗದು. ಇವುಗಳ ಮುಂದೆ ಸೆನ್ಸಿಟಿವ್ ಎಂದು ಅಚ್ಚಾಗಿದ್ದರೆ ಪರೀಕ್ಷೆಯಲ್ಲೋ ಹೆಸರಿನಲ್ಲೋ ತಪ್ಪಾಗಿದೆ.

ವಲಯದ ಮಿಲಿಮೀಟರ್‌ಗಳನ್ನು ಒಂದಕ್ಕೊಂದು ಹೋಲಿಸಬೇಡಿ. 25 ಇರುವ ಔಷಧ 20 ಇರುವುದಕ್ಕಿಂತ ಮೇಲು ಅಂತಲ್ಲ, ಪ್ರತಿ ಔಷಧದ ಅಳತೆಗೋಲು ಬೇರೆ. ಕಿವಿಯ ವರದಿಯನ್ನು ಇನ್ನೂ ಎಚ್ಚರದಿಂದ ಓದಿ. ಆ ಅಳತೆಗಳು ರಕ್ತಕ್ಕೆ ಹೋಗುವ ಔಷಧಕ್ಕೆ ಮಾಡಿದವು, ಕಿವಿಗೆ ಹನಿಸುವ ಔಷಧದ ಸಾಂದ್ರತೆ ಅದರ ಎಷ್ಟೋ ಪಟ್ಟು ಇರುತ್ತದೆ. ಆದ್ದರಿಂದ ರೆಸಿಸ್ಟೆಂಟ್ ಎಂದ ಔಷಧವೂ ಹನಿಯಾಗಿ ಗೆಲ್ಲಬಹುದು. ಹನಿ ಹಾಕುವ ಮೊದಲು ಕಿವಿ ತೊಳೆದು ಕೀವು ತೆಗೆದಿರಬೇಕು, ತಮಟೆ ಹರಿದಿಲ್ಲವೆಂದು ನೋಡಿರಬೇಕು. ತಮಟೆ ಹರಿದ ಕಿವಿಗೆ ಜೆಂಟಾಮೈಸಿನ್ ಹನಿಸಿದರೆ ನಾಯಿಗೆ ಕಿವುಡು ಬರಬಹುದು.

ಉಚ್ಚೆಯಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ, ಆದರೆ ನಾಯಿಗೆ ಉರಿ ಇಲ್ಲ, ತಿಣುಕಾಟ ಇಲ್ಲ, ರಕ್ತ ಇಲ್ಲ ಅಂದರೆ ಸಾಮಾನ್ಯವಾಗಿ ಔಷಧವೇ ಬೇಡ. ಕಾಗದಕ್ಕೆ ಚಿಕಿತ್ಸೆ ಕೊಡಬೇಡಿ. ತೊಂದರೆ ಇರುವ ಸಾಮಾನ್ಯ ಮೂತ್ರಕೋಶದ ಸೋಂಕಿಗೂ 2019ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುವುದು 3ರಿಂದ 5 ದಿನ ಮಾತ್ರ, ಎರಡು ವಾರ ಅಲ್ಲ.

ರೆಸಿಸ್ಟೆನ್ಸ್ ನಿಜವೆಂದು ತಿಳಿದ ಮೇಲೆ

ಹೆದರಬೇಡಿ, ಹೆದರಿಸಲೂಬೇಡಿ. ಮೆಕ್-ಎ ಇರುವ ಸ್ಟ್ಯಾಫ್ ಇತರ ಸ್ಟ್ಯಾಫಿಗಿಂತ ಕ್ರೂರವಲ್ಲ, ಔಷಧದ ಆಯ್ಕೆ ಕಡಿಮೆ ಅಷ್ಟೆ. ಮೇಲ್ಪದರದ ಚರ್ಮದ ಸೋಂಕಾದರೆ ಗುಳಿಗೆಯೇ ಇಲ್ಲದೆ ಗುಣಪಡಿಸಬಹುದು. 2ರಿಂದ 4 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಶಾಂಪೂ, ವಾರಕ್ಕೆ ಎರಡು ಮೂರು ಸಲ. ಗುಟ್ಟಿರುವುದು ಹತ್ತು ನಿಮಿಷದಲ್ಲಿ. ನೊರೆ ಹಚ್ಚಿ ಹತ್ತು ನಿಮಿಷ ಗಡಿಯಾರ ನೋಡಿಕೊಂಡು ಬಿಡಬೇಕು, ಕೂದಲ ಮೇಲಲ್ಲ, ಬುಡದ ಚರ್ಮಕ್ಕೆ ತಾಗಬೇಕು. ಉದ್ದ ಕೂದಲಿದ್ದರೆ ಕತ್ತರಿಸಿ. ಹಚ್ಚಿದ ಕೂಡಲೇ ನೀರು ಸುರಿದು "ಶಾಂಪೂನೂ ಹತ್ತಲಿಲ್ಲ" ಅನ್ನುವವರು ಬಹಳ. ಒಮ್ಮೆ ಆಸ್ಪತ್ರೆಯಲ್ಲೇ ಅವರ ಎದುರಿಗೆ ಹಚ್ಚಿ ತೋರಿಸಿ.

ಗಾಯದಲ್ಲಿ ಕೀವು ಕಟ್ಟಿದ್ದರೆ ಹೊಲಿಗೆ ಬಿಚ್ಚಿ, ತೊಳೆದು, ಸೋರಲು ದಾರಿ ಮಾಡಿ. ಅಮಿಕಾಸಿನ್‌ನಂಥ ಔಷಧ ಕೀವಿನ ನಡುವೆ ಬಲ ಕಳೆದುಕೊಳ್ಳುತ್ತದೆ, ಮೇಲಾಗಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಗುಳಿಗೆ ಬೇಕೇ ಬೇಕೆಂದರೆ ವರದಿಯಲ್ಲಿರುವ ಹಳೆಯ, ಸರಳ ಔಷಧ ಆರಿಸಿ. ಅದೇ ಪಟ್ಟಿಯ ಕೆಳಗೆ ಲಿನೆಜೊಲಿಡ್, ವ್ಯಾಂಕೊಮೈಸಿನ್, ಮೆರೊಪೆನೆಮ್ ಸೆನ್ಸಿಟಿವ್ ಎಂದು ಕಾಣುತ್ತವೆ. ಅವುಗಳತ್ತ ಕೈ ಹೋಗದಿರಲಿ. ಐಸಿಯುನಲ್ಲಿ ಮಲಗಿದ ಮನುಷ್ಯರಿಗೆ ಉಳಿದಿರುವ ಕೊನೆಯ ಔಷಧಗಳು ಅವು. ರಿಫಾಂಪಿಸಿನ್ ಕ್ಷಯದ ಔಷಧ, ಕ್ಷಯ ಇಷ್ಟಿರುವ ನಾಡಿನಲ್ಲಿ ಅದನ್ನು ಚರ್ಮದ ಗುಳ್ಳೆಗೆ ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಮೂಲ ಆಸ್ಪತ್ರೆಯೊಳಗೇ ಇದ್ದರೆ

ಒಂದೇ ತಿಂಗಳಲ್ಲಿ ಎರಡು ಮೂರು ಆಪರೇಷನ್ ಗಾಯಗಳು ಕೆಟ್ಟಿವೆ, ವರದಿಗಳನ್ನು ಪಕ್ಕಪಕ್ಕ ಇಟ್ಟರೆ ಅದೇ ಬ್ಯಾಕ್ಟೀರಿಯಾ, ಅದೇ ಸೆನ್ಸಿಟಿವ್-ರೆಸಿಸ್ಟೆಂಟ್ ಸಾಲು. ಹಾಗಾದರೆ ದೋಷ ನಾಯಿಗಳಲ್ಲಿಲ್ಲ, ನಮ್ಮ ಕೋಣೆಯಲ್ಲಿದೆ.

ಮೊದಲು ಹತ್ತಿಯ ಡಬ್ಬಿ ತೆರೆಯಿರಿ. ಮೇಜಿನ ಮೂಲೆಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಆ್ಯಂಟಿಸೆಪ್ಟಿಕ್‌ನಲ್ಲಿ ನೆನೆದ ಹತ್ತಿಯುಂಡೆಗಳು. ಖಾಲಿಯಾಗುತ್ತ ಬಂದಂತೆ ಮೇಲಿನಿಂದ ಹೊಸ ಹತ್ತಿ, ಮೇಲಿನಿಂದ ಹೊಸ ದ್ರಾವಣ. ತಳ ತೊಳೆದು ಎಷ್ಟು ದಿನವಾಯಿತು ಯಾರಿಗೂ ಗೊತ್ತಿಲ್ಲ. ನೀರು ಬೆರೆಸಿದ ಆ್ಯಂಟಿಸೆಪ್ಟಿಕ್‌ನಲ್ಲಿ, ಅದರಲ್ಲೂ ಹತ್ತಿ ನೆನೆದಿದ್ದರೆ, ಸೂಡೊಮೋನಾಸ್, ಸೆರಾಷಿಯಾ ಜಾತಿಯವು ಬದುಕಿ ಬೆಳೆಯುತ್ತವೆ. ಸೂಜಿ ಹಾಕುವ ಮೊದಲು ಚರ್ಮ ಒರೆಸುವ ಹತ್ತಿಯೇ ಸೋಂಕು ಹಚ್ಚುತ್ತಿರುತ್ತದೆ. ದಿನಾ ಡಬ್ಬಿ ಖಾಲಿ ಮಾಡಿ, ತೊಳೆದು, ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ), ಆ ದಿನಕ್ಕೆ ಬೇಕಾದಷ್ಟೇ ತುಂಬಿ.

ಆಮೇಲೆ ಆಟೋಕ್ಲೇವ್. 121 ಡಿಗ್ರಿ, 15 ಪೌಂಡ್ ಒತ್ತಡ. ಬಟ್ಟೆ ಸುತ್ತಿದ ಕಟ್ಟಿಗೆ 30 ನಿಮಿಷ. ನಡುವೆ ಕರೆಂಟ್ ಹೋಗಿ ಬಂದರೆ ಲೆಕ್ಕ ಮೊದಲಿನಿಂದ. ಕಟ್ಟಿನ ಹೊರಗಿನ ಟೇಪ್ ಬಣ್ಣ ಬದಲಾದರೆ ಬಿಸಿ ತಾಗಿದೆ ಎಂದಷ್ಟೇ ಗೊತ್ತಾಗುತ್ತದೆ, ಒಳಗಿನದು ಶುದ್ಧವಾಯಿತೆಂದಲ್ಲ. ಕೂದಲು ಕತ್ತರಿಸುವ ಕ್ಲಿಪ್ಪರ್ ಬ್ಲೇಡ್, ಥರ್ಮಾಮೀಟರ್, ಬಾಯಿಬುಟ್ಟಿ, ಮೇಜಿನ ರಬ್ಬರ್ ಹಾಸು ಇವನ್ನು ಒಂದೊಂದಾಗಿ ನೋಡಿ. ಕೊಳೆ ತೊಳೆಯದೆ ಬ್ಲೀಚ್ ಸುರಿದರೆ ಪ್ರಯೋಜನವಿಲ್ಲ, ಮೊದಲು ಸೋಪು, ಆಮೇಲೆ ಬ್ಲೀಚ್. ರೆಸಿಸ್ಟೆಂಟ್ ಸೋಂಕಿನ ನಾಯಿಗೆ ದಿನದ ಕೊನೆಯ ಸಮಯ ಕೊಡಿ, ಬೆಂಚಿನ ಮೇಲೆ ಮರಿಗಳ ಜೊತೆ ಕೂರಿಸಬೇಡಿ. ಎರಡು ನಾಯಿಗಳ ನಡುವೆ ಕೈ ತೊಳೆಯುವುದಕ್ಕಿಂತ ದೊಡ್ಡ ಔಷಧ ಈ ಕೋಣೆಯಲ್ಲಿ ಇನ್ನೊಂದಿಲ್ಲ.

ಮನೆಯವರಿಗೆ

ಉಳಿದ ಗುಳಿಗೆ ಪಕ್ಕದ ಮನೆಯ ನಾಯಿಗೆ ಕೊಡಬೇಡಿ. ಚೀಟಿ ಇಲ್ಲದೆ ಮೆಡಿಕಲ್ ಅಂಗಡಿಯಲ್ಲಿ ಆ್ಯಂಟಿಬಯಾಟಿಕ್ ಕೇಳಬೇಡಿ. 2014ರ ಮಾರ್ಚ್‌ನಿಂದ ಸೆಫ್ಟ್ರಿಯಾಕ್ಸೋನ್ ಜಾತಿಯ ಔಷಧಗಳೂ ಸೇರಿದಂತೆ ಹಲವು ಆ್ಯಂಟಿಬಯಾಟಿಕ್‌ಗಳು ಶೆಡ್ಯೂಲ್ ಎಚ್-1ರಲ್ಲಿವೆ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಸ್ಟ್ರಿಪ್ ಮೇಲಿನ ಕೆಂಪು ಗೆರೆ ಹೇಳುವುದೂ ಅದನ್ನೇ.

ನಿಮ್ಮ ನಾಯಿಗೆ ರೆಸಿಸ್ಟೆಂಟ್ ಸೋಂಕು ಇದೆಯೆಂದು ವರದಿ ಬಂದರೆ ನಾಯಿಯನ್ನು ಹೊರಗೆ ಹಾಕುವ ಮಾತೇ ಬೇಡ. ಶಾಂಪೂ ಹಚ್ಚುವಾಗ ಗ್ಲೌಸ್ ಹಾಕಿಕೊಳ್ಳಿ, ಗಾಯ ಮುಟ್ಟಿದ ಕೈ ಸೋಪಿನಿಂದ ತೊಳೆಯಿರಿ, ಗುಣವಾಗುವ ತನಕ ಮಕ್ಕಳ ಹಾಸಿಗೆಯಲ್ಲಿ ಮಲಗಿಸಬೇಡಿ. ಈ ಬ್ಯಾಕ್ಟೀರಿಯಾ ಅಪರೂಪಕ್ಕೆ ಮನುಷ್ಯರಿಗೂ ಹತ್ತುತ್ತದೆ. ಮನೆಯಲ್ಲಿ ಆಪರೇಷನ್ ಆದವರು, ಕೀಮೋ ತೆಗೆದುಕೊಳ್ಳುತ್ತಿರುವವರು ಇದ್ದರೆ ಅವರ ಡಾಕ್ಟರಿಗೂ ತಿಳಿಸಿ. ವರದಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ ಡಾಕ್ಟರು ಚೀಟಿ ಬರೆಯಲು ಶುರು ಮಾಡುವ ಮೊದಲೇ ಅದನ್ನು ತೋರಿಸಿ.